ಖ

ಗೋಡೆಯ ಮೇಲೆ ಅಕ್ಷರಮಾಲೆ ಬರೆಯುವವನು
ಶಿಡ್ಲಘಟ್ಟದಲ್ಲಿ ಈಗ ನಾನೊಬ್ಬನೇ.
ಮಿಕ್ಕವರು ಫ್ಲೆಕ್ಸ್ ಅಂಗಡಿ ಇಟ್ಟರು, ಇಲ್ಲ ಆಟೋ ಹಿಡಿದರು.
ಕ ಕಮಲ ಮುಗಿಸಿ ಬಣ್ಣದ ಡಬ್ಬಿ ಸರಿಸಿಕೊಂಡೆ.
ಅಂಗನವಾಡಿಯವರು ಕೊಟ್ಟ ಪಟ್ಟಿಯಲ್ಲಿ
ಖ ಎದುರಿಗೆ ಖಡ್ಗಮೃಗ ಎಂದಿತ್ತು.

ಕಂಡ ಪ್ರಾಣಿಯಲ್ಲ. ಎಮ್ಮೆಯ ಮೈ ಎಳೆದೆ,
ಹಂದಿಯ ಕಿವಿ ಇಟ್ಟೆ,
ಮೂಗಿನ ಮೇಲೆ ಧಾರಾಳವಾಗಿ ಎರಡು ಕೊಂಬು.
ವೆಂಕಟಲಕ್ಷ್ಮಮ್ಮ ಟೀಚರ್ ಕನ್ನಡಕ ಏರಿಸಿದರು:
‘ನಮ್ಮ ದೇಶದ್ದಕ್ಕೆ ಒಂದೇ ಕಣಪ್ಪ.
ಎರಡಿರೋದು ಆಫ್ರಿಕಾದ್ದಕ್ಕೆ, ಸುಮಾತ್ರಾದ್ದಕ್ಕೆ.
ಜಾವಾದ್ದಕ್ಕೂ ಒಂದೇ. ಅದಂತೂ ಉಳಿದಿರೋದು
ಎರಡು ಅಂಗನವಾಡಿ ಹಾಜರಿಯಷ್ಟು.’
ಒಂದನ್ನು ಅಳಿಸಿದೆ.
ಎರಡು ಸಲ ಸುಣ್ಣ ಹೊಡೆದರೂ ನೆರಳು ಹೋಗಲಿಲ್ಲ.

ಎದುರಿನ ರೀಲಿಂಗ್ ಮನೆಯಿಂದ
ಬೆಂದ ಹುಳದ ಬುಟ್ಟಿ ಹೊತ್ತು ಬಂದ ಹುಡುಗ
ನಿಂತೇಬಿಟ್ಟ. ಜೊಗೇನ್ ಪೆಗು, ಅಸ್ಸಾಮಿನವನು.
‘ಕಿವಿ ತಪ್ಪು’ ಅಂದ.
ಬಾಯ್ಲರಿನ ಇದ್ದಿಲು ತಂದು, ಕೇಳದೆ,
ಸುರುಳಿ ಸುತ್ತಿದ ಎಲೆಯ ಹಾಗೆ ಎರಡು ಕಿವಿ,
ಹೆಗಲಲ್ಲೊಂದು ಮಡಿಕೆ, ತೊಡೆಯಲ್ಲೊಂದು,
ಹುಲ್ಲು ಸೆಳೆಯಲು ಕೊಕ್ಕೆಯಾದ ತುಟಿ.
ಬುಟ್ಟಿಗೆ ಕಾಗೆ ಕೂತದ್ದೂ ಅವನಿಗೆ ತಿಳಿಯಲಿಲ್ಲ.

ಅವನಪ್ಪ ಕಾಜಿರಂಗಾದಲ್ಲಿ ಗಾರ್ಡು.
ನಾಲ್ಕು ತಿಂಗಳಲ್ಲಿ ಹುಡುಗ ಕಲಿತ ಕನ್ನಡದಲ್ಲಿ
ಗಟ್ಟಿ ಇದ್ದದ್ದು ಒಂದು ಮಾತು.
ನೀರು ಕಾಯಬೇಕು, ಸೇಠು ಬರೋ ತನಕ ಕಾಯಬೇಕು.
ಅದೇ ಮಾತಲ್ಲಿ ಅಪ್ಪನ ಕತೆಯನ್ನೂ ಹೇಳಿದ:
‘ಅದು ದಿನಾ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕ್ತದೆ.
ಕೊಲ್ಲೋರು ಅಲ್ಲೇ ಕಾಯ್ತಾರೆ.
ಅಪ್ಪಾನೂ ಅಲ್ಲೇ ಕಾಯ್ತಾನೆ.’
ಹುಟ್ಟಿದಾಗಿನಿಂದ ಆಡಿದ ಮಾತು;
ಅದರೊಳಗೆ ಕೋವಿ ಹಿಡಿದ ಇಬ್ಬರು
ಎದುರುಬದುರು ಕೂತಿದ್ದಾರೆಂದು ನನಗೆ ತಿಳಿದಿರಲಿಲ್ಲ.

ನದಿ ಎದ್ದು ಬಂದಾಗ ಹತ್ತಿಕೊಳ್ಳಲಿ ಎಂದು
ಅಲ್ಲಿ ಮೃಗಗಳಿಗೆ ದಿಬ್ಬ ಕಟ್ಟುತ್ತಾರಂತೆ.
ನಾನು ನಕ್ಕೆ. ನಮ್ಮ ಕಡೆ
ಮಣ್ಣು ಹೊತ್ತು ಏರಿ ಹಾಕುವುದು ನೀರು ನಿಲ್ಲಲೆಂದು.
ಕೆರೆಯ ಕಡೆ ಕೈ ತೋರಿಸಿದೆ. ಅವನೂ ನಕ್ಕ,
ಯಾಕೆ ಅಂತ ಗೊತ್ತಾಗದೆ.

ಒಂದು ವರ್ಷ ಉಗ್ರಾಣದ ಕೊಂಬುಗಳನ್ನೆಲ್ಲ
ಒಟ್ಟಿ ಬೆಂಕಿ ಕೊಟ್ಟರಂತೆ,
ಔಷಧಿ ಅಂತ ಕೊಳ್ಳೋರಿಗೆ ಬುದ್ಧಿ ಬರಲಿ ಎಂದು.
ಅಪ್ಪ ಆ ದಿನ ಕಾವಲಿಗೆ ನಿಂತಿದ್ದ.
‘ಹೆಂಗಿತ್ತು ವಾಸನೆ?’
ಕೇಳಿದ್ದು ಖಮರ್‌ಬಿ, ಬೇಸಿನ್ ಬಿಟ್ಟು ಬಾಗಿಲಿಗೆ ಬಂದಿದ್ದಳು.
ಹುಡುಗನಿಗೆ ಮಾತು ಸಿಗಲಿಲ್ಲ.
ಅವಳು ಸೆರಗಿಗಂಟಿದ್ದ ಒಂದೆಳೆ ರೇಷ್ಮೆ ಬಿಡಿಸಿ
ಕಡ್ಡಿ ಗೀರಿ ಸುಟ್ಟಳು,
ಅಸಲಿಯೋ ನಕಲಿಯೋ ನೋಡಲು ಇಲ್ಲಿ ಎಲ್ಲರೂ ಸುಡುವ ಹಾಗೆ.
ಕೂದಲು ಸುಟ್ಟ ನಾತ.
ಜೊಗೇನ್ ಕಣ್ಣು ಮುಚ್ಚಿದ.
‘ಇದೇ. ಅಪ್ಪನ ಅಂಗಿಯಲ್ಲಿ ಎರಡು ದಿನ.’

ಕೊಂಬು ಮೂಳೆಯಲ್ಲವಂತೆ, ಬರೀ ಉಗುರಂತೆ.
ಖಮರ್‌ಬಿ ಕೈ ಚಾಚಿ ನೋಡಿಕೊಂಡಳು.
ಮೂವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು,
ತುದಿಯಲ್ಲಿ ಉಗುರೆಂಬುದು
ನೆನೆಹಾಕಿದ ಅವಲಕ್ಕಿ.
‘ಇದನ್ನ ಕದಿಯೋಕೆ ಯಾರೂ ಬರಲ್ಲ ಬಿಡು’
ಅಂದು ಒಳಗೆ ಹೋದಳು. ನೀರು ಕಾದಿತ್ತು.

ಆಷಾಢದಲ್ಲಿ ಹುಡುಗ ಊರಿಗೆ ಹೋದ.
ಅವನ ಇದ್ದಿಲ ಗೆರೆಯ ಮೇಲೇ ಬಣ್ಣ ತುಂಬಿದ್ದೇನೆ.
ಖ ಇರುವುದು ಮಕ್ಕಳ ಎತ್ತರಕ್ಕೆ.
ಒಂದು, ಎರಡು ಎಂದು ಜಗಳವಾಡುತ್ತ,
ಅಳಿಸಿದ್ದು ಇನ್ನೂ ಇದೆಯೇ ಎಂದು ಕೆರೆದು ನೋಡುತ್ತ
ವಾರವಾಗುವಷ್ಟರಲ್ಲಿ
ಇರುವ ಒಂದು ಕೊಂಬನ್ನೂ ಉಗುರಿಂದ ಕಿತ್ತಿರುತ್ತಾರೆ.

ಶನಿವಾರ ಸಂಜೆ, ಬಾಗಿಲು ಹಾಕಿದ ಮೇಲೆ,
ಬಿಲ್ಲಿಲ್ಲದ ಕೆಲಸ:
ಬೂದು ಬಣ್ಣದ ಸಣ್ಣ ಡಬ್ಬಿ,
ನಾಲ್ಕನೇ ನಂಬರ್ ಬ್ರಷ್ಷು.